ರಕ್ತದ ಕೌಂಟ್ ನಾರ್ಮಲ್ ಆದ ಮೇಲೂ ಮಾತ್ರೆ ಯಾಕೆ? ದೀರ್ಘಕಾಲದ ರಕ್ತ ಕ್ಯಾನ್ಸರ್‌ಗಳಲ್ಲಿ ಜೀವಕೋಶದ ಸಂಕೇತ ಕೆಡುವ ಬಗೆ

ವೈಟ್‌ಫೀಲ್ಡ್ ಅಥವಾ ಎಲೆಕ್ಟ್ರಾನಿಕ್ ಸಿಟಿಯ ಐಟಿ ಕಂಪನಿಗಳಲ್ಲಿ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ನಡೆಯುವುದು ಈಗ ಸಾಮಾನ್ಯ. ರಕ್ತ ಕೊಟ್ಟು ಬಂದವರಲ್ಲಿ ಒಬ್ಬಿಬ್ಬರಿಗೆ, ಯಾವ ತೊಂದರೆಯೂ ಇಲ್ಲದಿದ್ದರೂ, ಬಿಳಿ ರಕ್ತಕಣಗಳ ಸಂಖ್ಯೆ ಮಿತಿಮೀರಿದೆ ಎಂಬ ವರದಿ ಬರುತ್ತದೆ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಇದೇ ಕಾಯಿಲೆ ಬೇರೆ ರೀತಿಯಲ್ಲಿ ಗೊತ್ತಾಗಬಹುದು. ಎಡಹೊಟ್ಟೆಯಲ್ಲಿ ಭಾರ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ, ಸುಸ್ತು. ಗ್ಯಾಸ್ ಎಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಿ, ಕೊನೆಗೆ ರಕ್ತಪರೀಕ್ಷೆ ಮಾಡಿಸಿದಾಗ ನಿಜ ಹೊರಬೀಳುತ್ತದೆ.

ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಸಿಎಂಎಲ್ ಎಂದು ಗೊತ್ತಾದವರಿಗೆ ಚಿಕಿತ್ಸೆ ಶುರುವಾದ ಕೆಲವೇ ವಾರಗಳಲ್ಲಿ ರಕ್ತದ ಕೌಂಟ್ ಸಾಮಾನ್ಯಕ್ಕೆ ಬರುತ್ತದೆ. ಹೊಟ್ಟೆಯ ಭಾರ ಇಳಿಯುತ್ತದೆ, ಹಸಿವು ಮರಳುತ್ತದೆ. ಆಗ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: "ಎಲ್ಲಾ ನಾರ್ಮಲ್ ಇದೆಯಲ್ಲ, ಇನ್ನೂ ಯಾಕೆ ಮಾತ್ರೆ? ಇಷ್ಟು ದಿನ ತಗೊಂಡರೆ ಲಿವರ್ ಕೆಡೋದಿಲ್ಲವೇ?"

ಈ ಪ್ರಶ್ನೆಗೆ ಚಿಕ್ಕ ಉತ್ತರ ಇದು. ಕೌಂಟ್ ಎನ್ನುವುದು ಕಾಯಿಲೆಯ ಫಲ ಮಾತ್ರ. ಕಾಯಿಲೆ ಇರುವುದು ಜೀವಕೋಶದ ಒಳಗೆ, ನಿಲ್ಲದೆ ಹೊರಡುತ್ತಿರುವ ಒಂದು ತಪ್ಪು ಸಂಕೇತದಲ್ಲಿ. ಮಾತ್ರೆ ಆ ಸಂಕೇತವನ್ನು ತಡೆದು ಹಿಡಿಯುತ್ತದೆ, ಕಿತ್ತು ಹಾಕುವುದಿಲ್ಲ. ಇದು ಹೇಗೆ ಎಂಬುದನ್ನು ನಾವು ಈ ಲೇಖನದಲ್ಲಿ ಹಂತಹಂತವಾಗಿ ನೋಡೋಣ.

ಜೀವಕೋಶಕ್ಕೆ ಸಂಕೇತ ಎಂದರೇನು?

ನಮ್ಮ ರಕ್ತಕಣಗಳು ಹುಟ್ಟುವುದು ಮೂಳೆಮಜ್ಜೆಯಲ್ಲಿ. ಅಲ್ಲಿನ ಮೂಲ ಜೀವಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ದೇಹಕ್ಕೆ ಬೇಕಾದಷ್ಟು ಕೆಂಪು ಕಣ, ಬಿಳಿ ಕಣ ಮತ್ತು ಪ್ಲೇಟ್‌ಲೆಟ್‌ಗಳನ್ನು ತಯಾರಿಸಿ ಕಳಿಸುತ್ತವೆ. ಎಷ್ಟು ಬೇಕು ಎಂದು ಅವುಗಳಿಗೆ ತಿಳಿಸುವವರು ಯಾರು? ದೇಹದ ಬೇರೆಬೇರೆ ಭಾಗಗಳಿಂದ ಬರುವ ಪ್ರೋಟೀನುಗಳು.

ಕೆಂಪು ಕಣಗಳ ಉದಾಹರಣೆ ನೋಡೋಣ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಮೂತ್ರಪಿಂಡಗಳು ಅದನ್ನು ಗುರುತಿಸಿ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತವೆ. ಅದು ಮಜ್ಜೆಗೆ ಬಂದು ಜೀವಕೋಶದ ಮೇಲ್ಮೈಯಲ್ಲಿರುವ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಗ್ರಾಹಕದ ಒಳತುದಿಗೆ ಜೆಎಕೆ2 ಎಂಬ ಕಿಣ್ವ ಜೋಡಿಕೊಂಡಿರುತ್ತದೆ. ಹೊರಗೆ ಹಾರ್ಮೋನು ಅಂಟಿದ ಕೂಡಲೇ ಒಳಗಿನ ಕಿಣ್ವ ಎಚ್ಚರಗೊಳ್ಳುತ್ತದೆ. ಅದು ಪಕ್ಕದ ಪ್ರೋಟೀನಿಗೆ ಒಂದು ಫಾಸ್ಫೇಟ್ ಗುಂಪನ್ನು ಅಂಟಿಸುತ್ತದೆ. ಫಾಸ್ಫೇಟ್ ಅಂಟಿದ ಪ್ರೋಟೀನು ಚುರುಕಾಗಿ ಮುಂದಿನದಕ್ಕೆ ಸುದ್ದಿ ಮುಟ್ಟಿಸುತ್ತದೆ. ಹೀಗೆ ಕೈಯಿಂದ ಕೈಗೆ ದಾಟಿದ ಸುದ್ದಿ ಕೊನೆಗೆ ಜೀವಕೋಶದ ಕೇಂದ್ರ ತಲುಪಿ, 'ವಿಭಜನೆಯಾಗು' ಎಂಬ ಆದೇಶವಾಗುತ್ತದೆ. ಹೀಗೆ ಫಾಸ್ಫೇಟ್ ಅಂಟಿಸುವ ಕಿಣ್ವಗಳಿಗೆ ಕೈನೇಸ್ ಎನ್ನುತ್ತಾರೆ.

ಕೆಲಸ ಮುಗಿದ ಮೇಲೆ ಫಾಸ್ಫೇಟನ್ನು ಕಿತ್ತು ಸಂಕೇತ ನಿಲ್ಲಿಸುವ ಕಿಣ್ವಗಳೂ ಇವೆ. ಆರೋಗ್ಯವಂತ ಜೀವಕೋಶದಲ್ಲಿ ಶುರು ಮಾಡುವುದು ಎಷ್ಟು ಮುಖ್ಯವೋ ನಿಲ್ಲಿಸುವುದೂ ಅಷ್ಟೇ ಮುಖ್ಯ.

ಬೆಂಗಳೂರಿನ ಅನೇಕ ಮನೆಗಳಲ್ಲಿ ಇದಕ್ಕೆ ಹತ್ತಿರದ ಒಂದು ಏರ್ಪಾಡು ಇದೆ. ತಾರಸಿಯ ಟ್ಯಾಂಕಿನಲ್ಲಿ ನೀರು ಇಳಿದರೆ ಸೆನ್ಸರ್ ಸುದ್ದಿ ಕೊಡುತ್ತದೆ, ಸಂಪಿನ ಮೋಟಾರ್ ಓಡುತ್ತದೆ. ಟ್ಯಾಂಕ್ ತುಂಬಿದರೆ ಮೋಟಾರ್ ತಾನೇ ನಿಲ್ಲುತ್ತದೆ. ಈಗ ಸ್ವಿಚ್ ಆನ್ ಸ್ಥಿತಿಯಲ್ಲೇ ಅಂಟಿಕೊಂಡಿತು ಎಂದುಕೊಳ್ಳಿ. ಟ್ಯಾಂಕ್ ತುಂಬಿ ನೀರು ತಾರಸಿಯ ಮೇಲೆ ಹರಿದರೂ ಮೋಟಾರ್ ಓಡುತ್ತಲೇ ಇರುತ್ತದೆ. ದೀರ್ಘಕಾಲದ ಹಲವು ರಕ್ತ ಕ್ಯಾನ್ಸರ್‌ಗಳಲ್ಲಿ ಆಗುವುದು ಇದೇ. ಯಾರೂ ಕೇಳದಿದ್ದರೂ ಜೀವಕೋಶಕ್ಕೆ 'ವಿಭಜನೆಯಾಗು' ಎಂಬ ಆದೇಶ ಹೋಗುತ್ತಲೇ ಇರುತ್ತದೆ.

ಸಂಕೇತಗಳ ನಕ್ಷೆ ಮತ್ತು ವೈಟ್‌ಫೀಲ್ಡ್

ಒಂದು ಜೀವಕೋಶದಲ್ಲಿ ಇಂಥ ಸಂಕೇತ ಸರಣಿಗಳು ನೂರಾರು, ಒಂದು ಇನ್ನೊಂದರ ಜೊತೆ ಹೆಣೆದುಕೊಂಡಿರುತ್ತವೆ. ಯಾವ ಪ್ರೋಟೀನು ಯಾವುದನ್ನು ಎಚ್ಚರಿಸುತ್ತದೆ ಎಂಬ ಮಾಹಿತಿ ಸಾವಿರಾರು ಸಂಶೋಧನಾ ಪ್ರಬಂಧಗಳಲ್ಲಿ ಚದುರಿಹೋಗಿತ್ತು. ಅದನ್ನು ಒಂದೆಡೆ ಜೋಡಿಸಿದ ದೊಡ್ಡ ಕೆಲಸಗಳಲ್ಲಿ ಒಂದು ನಡೆದದ್ದು ನಮ್ಮ ವೈಟ್‌ಫೀಲ್ಡ್‌ನಲ್ಲಿ.

ಅಲ್ಲಿನ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್‌ನಲ್ಲಿ ವಿಜ್ಞಾನಿ ಅಖಿಲೇಶ್ ಪಾಂಡೆ 2002ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಸ್ಥಾಪಿಸಿದರು. ಸುತ್ತಲಿನ ಕಟ್ಟಡಗಳಲ್ಲಿ ಸಾಫ್ಟ್‌ವೇರ್ ಬರೆಯುತ್ತಿದ್ದಾಗ ಇಲ್ಲಿನ ಜೀವವಿಜ್ಞಾನಿಗಳು ಪ್ರಬಂಧಗಳನ್ನು ಒಂದೊಂದಾಗಿ ಓದಿ, ಮನುಷ್ಯನ ಪ್ರೋಟೀನುಗಳ ವಿವರಗಳನ್ನು ದಾಖಲಿಸುತ್ತಿದ್ದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೊತೆ ಸೇರಿ ರೂಪಿಸಿದ ಈ ಪ್ರೋಟೀನು ಕೋಶ 2003ರಲ್ಲಿ ಹೊರಬಂತು. ಅದರ ಮುಂದುವರಿಕೆಯಾಗಿ ಬಂದ 'ನೆಟ್‌ಪಾತ್' ಎಂಬ ಸಂಗ್ರಹದ ವಿವರ 2010ರಲ್ಲಿ ಪ್ರಕಟವಾಯಿತು. ಅದರಲ್ಲಿ ರೋಗನಿರೋಧಕ ವ್ಯವಸ್ಥೆಯ 10 ಮತ್ತು ಕ್ಯಾನ್ಸರ್‌ಗೆ ಸಂಬಂಧಿಸಿದ 10 ಸಂಕೇತ ಮಾರ್ಗಗಳ ನಕ್ಷೆಗಳಿದ್ದವು. ಜಗತ್ತಿನ ಯಾವ ಸಂಶೋಧಕರು ಬೇಕಾದರೂ ಅವುಗಳನ್ನು ಉಚಿತವಾಗಿ ಬಳಸಬಹುದಿತ್ತು.

ನಕ್ಷೆಯಿಂದ ರೋಗಿಗೆ ಏನು ಲಾಭ? ಕೆಟ್ಟಿರುವ ಸ್ವಿಚ್ ಯಾವುದು ಎಂದು ಗೊತ್ತಾದರೆ ಅದೊಂದನ್ನೇ ತಡೆಯುವ ಔಷಧಿ ಹುಡುಕಬಹುದು. ವೇಗವಾಗಿ ಬೆಳೆಯುವ ಎಲ್ಲ ಜೀವಕೋಶಗಳನ್ನೂ ಹೊಡೆಯುವ ಹಳೆಯ ಕೀಮೋಥೆರಪಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಇಂಥ ಹುಡುಕಾಟ ಎಲೆಕ್ಟ್ರಾನಿಕ್ ಸಿಟಿಯಲ್ಲೂ ನಡೆದಿದೆ. ಅಲ್ಲಿನ ಆರಿಜೀನ್ ಕಂಪನಿ ಐಆರ್‌ಎಕೆ4 ಎಂಬ ಕೈನೇಸನ್ನು ತಡೆಯುವ ಅಣುವೊಂದನ್ನು ರೂಪಿಸಿತು. 2015ರಲ್ಲಿ ಆರಂಭವಾದ ಒಪ್ಪಂದದಡಿ ಅಮೆರಿಕದ ಕ್ಯೂರಿಸ್ ಕಂಪನಿ ಅದನ್ನು ರಕ್ತ ಕ್ಯಾನ್ಸರ್ ರೋಗಿಗಳಲ್ಲಿ ಪ್ರಯೋಗಕ್ಕೆ ಒಯ್ದಿತು. ಆ ಅಣುವಿನ ಹೆಸರು ಎಮಾವುಸರ್ಟಿಬ್.

ಸಿಎಂಎಲ್: ಎರಡು ವರ್ಣತಂತು ಮುರಿದು ಸೇರಿದಾಗ

ಕೆಟ್ಟ ಸ್ವಿಚ್ಚಿಗೆ ಅತ್ಯಂತ ಸ್ಪಷ್ಟವಾದ ಉದಾಹರಣೆ ಸಿಎಂಎಲ್. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಈ ರೋಗಿಗಳ ರಕ್ತಕಣಗಳಲ್ಲಿ ಮಾಮೂಲಿಗಿಂತ ಗಿಡ್ಡದಾದ ಒಂದು ವರ್ಣತಂತುವನ್ನು ಕಂಡರು. ಅದಕ್ಕೆ 'ಫಿಲಡೆಲ್ಫಿಯಾ ವರ್ಣತಂತು' ಎಂಬ ಹೆಸರೇ ನಿಂತಿತು. ಅದು ಗಿಡ್ಡವಾದದ್ದು ಹೇಗೆ ಎಂಬುದನ್ನು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. 9ನೇ ಮತ್ತು 22ನೇ ವರ್ಣತಂತುಗಳು ಮುರಿದು, ತುಂಡುಗಳು ಅದಲುಬದಲಾಗಿ ಅಂಟಿಕೊಂಡಿದ್ದವು.

ಈ ಅದಲುಬದಲಿನಲ್ಲಿ 9ನೇ ವರ್ಣತಂತುವಿನ ಎಬಿಎಲ್ ಎಂಬ ವಂಶವಾಹಿ 22ನೆಯದರ ಬಿಸಿಆರ್ ಎಂಬ ವಂಶವಾಹಿಯ ಪಕ್ಕ ಬಂದು ಕೂರುತ್ತದೆ. ಎರಡೂ ಸೇರಿ ಬಿಸಿಆರ್-ಎಬಿಎಲ್ ಎಂಬ ಹೊಸ ಪ್ರೋಟೀನು ಹುಟ್ಟುತ್ತದೆ. ಎಬಿಎಲ್ ಒಂದು ಕೈನೇಸ್. ಸಹಜ ಸ್ಥಿತಿಯಲ್ಲಿ ಅದು ತನ್ನನ್ನು ತಾನೇ ಮಡಚಿಕೊಂಡು ಸುಮ್ಮನಿರುತ್ತದೆ, ಕರೆದಾಗ ಮಾತ್ರ ಕೆಲಸ ಮಾಡುತ್ತದೆ. ಬಿಸಿಆರ್ ಜೊತೆ ಸೇರಿದಾಗ ಆ ಮಡಿಕೆ ತಪ್ಪುತ್ತದೆ. ಕರೆಯದಿದ್ದರೂ ಅದು ಫಾಸ್ಫೇಟ್ ಅಂಟಿಸುತ್ತಲೇ ಹೋಗುತ್ತದೆ. ಅದರಿಂದ ಏಕಕಾಲಕ್ಕೆ ಹಲವು ಸರಣಿಗಳು ಚಾಲೂ ಆಗುತ್ತವೆ. ಒಂದು 'ವಿಭಜನೆಯಾಗು' ಎನ್ನುತ್ತದೆ, ಇನ್ನೊಂದು 'ಸಾಯಬೇಡ' ಎನ್ನುತ್ತದೆ. ಬಿಳಿ ರಕ್ತಕಣಗಳು ಒಂದು ಮೈಕ್ರೋಲೀಟರ್‌ಗೆ ಸಾಮಾನ್ಯವಾಗಿ 4,000ದಿಂದ 11,000 ಇರಬೇಕಾದಲ್ಲಿ ಲಕ್ಷ ದಾಟುವುದೂ ಉಂಟು. ಹೆಚ್ಚಾದ ಕಣಗಳು ಎಡಹೊಟ್ಟೆಯ ಗುಲ್ಮದಲ್ಲಿ ತುಂಬಿಕೊಂಡು ಅದು ಊದುತ್ತದೆ. ಗ್ಯಾಸ್ ಎಂದು ತಪ್ಪು ತಿಳಿಯುವ ಭಾರ ಇದೇ.

ಚಿಕಿತ್ಸೆ ಇಲ್ಲದಿದ್ದರೆ ಈ ಕಾಯಿಲೆ ಕೆಲವು ವರ್ಷ ನಿಧಾನವಾಗಿ ಸಾಗಿ, ನಂತರ ಒಮ್ಮೆಲೇ ತೀವ್ರ ರೂಪ ತಾಳುತ್ತದೆ. 'ದೀರ್ಘಕಾಲದ' ಎಂಬ ಹೆಸರು ಕೇಳಿ ಇದು ಸೌಮ್ಯ ಎಂದುಕೊಳ್ಳಬಾರದು. ಇನ್ನೊಂದು ವಿಷಯವನ್ನೂ ಗಮನಿಸಬೇಕು. ಪಾಶ್ಚಾತ್ಯ ದೇಶಗಳಲ್ಲಿ ಇದು ಹೆಚ್ಚಾಗಿ ವಯಸ್ಸಾದವರಲ್ಲಿ ಕಂಡರೆ, ಭಾರತದ ಆಸ್ಪತ್ರೆಗಳ ವರದಿಗಳಲ್ಲಿ ಮೂವತ್ತು, ನಲವತ್ತರ ವಯಸ್ಸಿನವರೇ ಹೆಚ್ಚು. ಅಂದರೆ ದುಡಿಯುವ, ಸಂಸಾರ ನಡೆಸುವ ವಯಸ್ಸು.

ಹಿಮೋಗ್ಲೋಬಿನ್ ಹೆಚ್ಚಿದ್ದರೆ 'ರಕ್ತ ಚೆನ್ನಾಗಿದೆ' ಎಂದೇ?

ಹಿಮೋಗ್ಲೋಬಿನ್ ಕಡಿಮೆಯಾದರೆ ಎಲ್ಲರೂ ಗಾಬರಿಯಾಗುತ್ತಾರೆ. ಹೆಚ್ಚಾದರೆ ಖುಷಿಪಡುವವರೇ ಬಹಳ. ಇದೊಂದು ತಪ್ಪು ನಂಬಿಕೆ.

ಮೊದಲು ಹೇಳಿದ ಜೆಎಕೆ2 ಕಿಣ್ವದಲ್ಲಿ 617ನೇ ಜಾಗದ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಅದು ಹಾರ್ಮೋನಿಗೆ ಕಾಯದೆ ಕೆಲಸ ಮಾಡತೊಡಗುತ್ತದೆ. ಟ್ಯಾಂಕ್ ತುಂಬಿದೆ ಎಂದು ಮೂತ್ರಪಿಂಡ ಎರಿತ್ರೊಪೊಯೆಟಿನ್ ಕಡಿಮೆ ಮಾಡಿದರೂ ಮಜ್ಜೆ ಕೇಳುವುದಿಲ್ಲ. 2005ರಲ್ಲಿ ಬೇರೆಬೇರೆ ದೇಶಗಳ ಹಲವು ತಂಡಗಳು ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಈ ಬದಲಾವಣೆಯನ್ನು ಗುರುತಿಸಿದವು. ಪಾಲಿಸೈಥೀಮಿಯಾ ವೇರಾ ಎಂಬ, ಕೆಂಪು ಕಣ ಅತಿಯಾಗುವ ಕಾಯಿಲೆ ಇರುವವರಲ್ಲಿ ಸುಮಾರು 95% ಮಂದಿಗೆ ಇದು ಇರುತ್ತದೆ. ಪ್ಲೇಟ್‌ಲೆಟ್ ಅತಿಯಾಗುವ ಎಸೆನ್ಷಿಯಲ್ ಥ್ರಾಂಬೋಸೈಥೀಮಿಯಾ ಮತ್ತು ಮಜ್ಜೆ ನಾರುಗಟ್ಟುವ ಮೈಲೋಫೈಬ್ರೋಸಿಸ್ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಕಾಣುತ್ತದೆ.

ಕೆಂಪು ಕಣ ಹೆಚ್ಚಾದರೆ ರಕ್ತ ಮಂದವಾಗುತ್ತದೆ. ತಲೆನೋವು, ಮುಖ ಕೆಂಪಾಗುವುದು, ಬಿಸಿನೀರಿನ ಸ್ನಾನದ ನಂತರ ಮೈಯೆಲ್ಲ ತುರಿಸುವುದು ಇದರ ಲಕ್ಷಣಗಳು. ದೊಡ್ಡ ಅಪಾಯ ರಕ್ತ ಹೆಪ್ಪುಗಟ್ಟುವುದು. ಪಾರ್ಶ್ವವಾಯು ಅಥವಾ ಹೃದಯಾಘಾತವೇ ಮೊದಲ ಸುಳಿವಾಗುವುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾನದಂಡದಂತೆ ಹಿಮೋಗ್ಲೋಬಿನ್ ಗಂಡಸರಲ್ಲಿ 16.5, ಹೆಂಗಸರಲ್ಲಿ 16 ದಾಟಿದರೆ ಈ ಕಾಯಿಲೆಯ ಸಾಧ್ಯತೆಯನ್ನು ಪರಿಗಣಿಸಬೇಕು. ಹಾಗೆಂದು ದಾಟಿದವರಿಗೆಲ್ಲ ಕ್ಯಾನ್ಸರ್ ಇದೆ ಎಂದಲ್ಲ. ಧೂಮಪಾನ, ಶ್ವಾಸಕೋಶದ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯಿಂದಲೂ ಹಿಮೋಗ್ಲೋಬಿನ್ ಏರುತ್ತದೆ. ಆದರೆ ಮತ್ತೆಮತ್ತೆ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಲೇಬೇಕು.

ಇದರ ಚಿಕಿತ್ಸೆಯಲ್ಲಿ ಆಗಾಗ ರಕ್ತ ಹೊರತೆಗೆಯುವುದು, ಕಡಿಮೆ ಪ್ರಮಾಣದ ಆಸ್ಪಿರಿನ್, ಕೆಲವರಿಗೆ ಹೈಡ್ರಾಕ್ಸಿಯೂರಿಯಾ ಮಾತ್ರೆ ಸೇರುತ್ತವೆ. ಜೆಎಕೆ ಸಂಕೇತವನ್ನೇ ತಗ್ಗಿಸುವ ರುಕ್ಸೊಲಿಟಿನಿಬ್ 2011ರಲ್ಲಿ ಮೊದಲು ಮೈಲೋಫೈಬ್ರೋಸಿಸ್‌ಗೆ ಅನುಮತಿ ಪಡೆಯಿತು.

ಎರಡು ಬಿಸಿಆರ್‌ಗಳ ಗೊಂದಲ

ಮೂರನೆಯ ಕಾಯಿಲೆ ಕ್ರಾನಿಕ್ ಲಿಂಫೋಸಿಟಿಕ್ ಲ್ಯುಕೇಮಿಯಾ, ಅಂದರೆ ಸಿಎಲ್‌ಎಲ್. ಇದು ಹೆಚ್ಚಾಗಿ ವಯಸ್ಸಾದವರಲ್ಲಿ ಕಾಣುತ್ತದೆ. ಭಾರತದಲ್ಲಿ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ. ರೋಗಾಣುವನ್ನು ಗುರುತಿಸುವ ಬಿ-ಕಣಗಳ ಮೇಲಿನ ಗ್ರಾಹಕದಿಂದ ಬರುವ ಸಂಕೇತ ಇಲ್ಲಿ ನಿಲ್ಲದೆ ಸಾಗುತ್ತದೆ. ಆ ಸರಣಿಯ ನಡುವೆ ಬಿಟಿಕೆ ಎಂಬ ಕೈನೇಸ್ ಇದೆ. ಇಬ್ರುಟಿನಿಬ್ ಮತ್ತು ಅದರ ನಂತರ ಬಂದ ಔಷಧಿಗಳು ತಡೆಯುವುದು ಅದನ್ನೇ.

ಇಂಟರ್ನೆಟ್ಟಿನಲ್ಲಿ ಹುಡುಕುವವರು ಇಲ್ಲಿ ಎಡವುತ್ತಾರೆ. ಬಿ-ಕಣದ ಗ್ರಾಹಕವನ್ನೂ ಚಿಕ್ಕದಾಗಿ 'ಬಿಸಿಆರ್' ಎಂದೇ ಕರೆಯುತ್ತಾರೆ. ಸಿಎಂಎಲ್ ವರದಿಯಲ್ಲಿ ಬರುವ ಬಿಸಿಆರ್ ಬೇರೆ, ಅದು 22ನೇ ವರ್ಣತಂತುವಿನ ವಂಶವಾಹಿ. ನೆಟ್‌ಪಾತ್ ನಕ್ಷೆಗಳಲ್ಲಿರುವ ಬಿಸಿಆರ್ ಮಾರ್ಗ ಬಿ-ಕಣದ ಗ್ರಾಹಕಕ್ಕೆ ಸೇರಿದ್ದು. ಒಂದೇ ಹೆಸರು ನೋಡಿ ಒಬ್ಬರ ಔಷಧಿ ಇನ್ನೊಬ್ಬರಿಗೂ ಆಗುತ್ತದೆ ಎಂದುಕೊಳ್ಳಬಾರದು. ಚಿಕಿತ್ಸೆಯಲ್ಲೂ ವ್ಯತ್ಯಾಸ ಇದೆ. ತೊಂದರೆ ಕೊಡದ ಸಿಎಲ್‌ಎಲ್‌ಗೆ ಎಷ್ಟೋ ಸಲ ಔಷಧಿಯನ್ನೇ ಕೊಡದೆ ಗಮನಿಸುತ್ತಾ ಇರುತ್ತಾರೆ. ಸಿಎಂಎಲ್‌ಗೆ ಹಾಗೆ ಕಾಯುವಂತಿಲ್ಲ.

ಮಾತ್ರೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ?

ಕೈನೇಸ್‌ಗೆ ಫಾಸ್ಫೇಟ್ ಸಿಗುವುದು ಎಟಿಪಿ ಎಂಬ ಅಣುವಿನಿಂದ. ಎಟಿಪಿ ಬಂದು ಕೂರಲು ಕಿಣ್ವದಲ್ಲಿ ಒಂದು ಗುಳಿ ಇದೆ. ಇಮ್ಯಾಟಿನಿಬ್ ಆ ಗುಳಿಯಲ್ಲಿ ಕೂತು ಎಟಿಪಿಗೆ ಜಾಗ ಕೊಡುವುದಿಲ್ಲ. ಬಿಸಿಆರ್-ಎಬಿಎಲ್ ಸುಮ್ಮನಾಗುತ್ತದೆ. ಬ್ರಯಾನ್ ಡ್ರುಕರ್ ಮತ್ತು ಅವರ ಸಹ ಸಂಶೋಧಕರ ಕೆಲಸದಿಂದ ಬೆಳೆದ ಈ ಔಷಧಿಗೆ ಅಮೆರಿಕದಲ್ಲಿ 2001ರ ಮೇ ತಿಂಗಳಲ್ಲಿ ಅನುಮತಿ ಸಿಕ್ಕಿತು. ಆಮೇಲೆ ಡಾಸಾಟಿನಿಬ್, ನಿಲೋಟಿನಿಬ್ ಮುಂತಾದವು ಬಂದವು. ಕಾಯಿಲೆ ನಿಧಾನದ ಹಂತದಲ್ಲಿದ್ದಾಗಲೇ ಪತ್ತೆಯಾಗಿ, ಮಾತ್ರೆಗೆ ಚೆನ್ನಾಗಿ ಸ್ಪಂದಿಸಿದವರ ಆಯಸ್ಸು ಇಂದು ಉಳಿದವರ ಆಯಸ್ಸಿಗೆ ಹತ್ತಿರ ಇದೆ. ರಕ್ತ ಕ್ಯಾನ್ಸರ್ ಎಂದರೆ ಸಾವು ಎಂಬ ಮಾತು ಸಿಎಂಎಲ್ ವಿಷಯದಲ್ಲಿ ಹಳೆಯದಾಯಿತು.

ಆದರೆ ಮಾತ್ರೆ ಗುಳಿಯಲ್ಲಿ ಕೂತಿರುವುದು ಸ್ವಲ್ಪ ಹೊತ್ತು ಮಾತ್ರ. ದೇಹ ಅದನ್ನು ಹೊರಹಾಕುತ್ತದೆ. ಅದಕ್ಕೇ ದಿನವೂ ಬೇಕು. ಜೊತೆಗೆ, ಮಜ್ಜೆಯಲ್ಲಿ ಮಲಗಿರುವ ಕೆಲವು ಕ್ಯಾನ್ಸರ್ ಮೂಲ ಜೀವಕೋಶಗಳನ್ನು ಈ ಮಾತ್ರೆ ಕೊಲ್ಲಲಾರದು. ಅವು ಬದುಕಲು ಆ ಸಂಕೇತವನ್ನೇ ನೆಚ್ಚಿಕೊಂಡಿಲ್ಲ.

ಸಂಖ್ಯೆಯಲ್ಲಿ ನೋಡಿದರೆ ಇನ್ನೂ ಸ್ಪಷ್ಟ. ಸಿಎಂಎಲ್ ಪತ್ತೆಯಾದಾಗ ದೇಹದಲ್ಲಿ ಅಂದಾಜು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕಣಗಳಿರುತ್ತವೆ. ಪಿಸಿಆರ್ ಪರೀಕ್ಷೆಯಲ್ಲಿ ಬಿಸಿಆರ್-ಎಬಿಎಲ್ ಪ್ರಮಾಣ 0.1%ಕ್ಕೆ ಇಳಿದರೆ ವೈದ್ಯರು ಒಳ್ಳೆಯ ಫಲಿತಾಂಶ ಎನ್ನುತ್ತಾರೆ. ಆಗಲೂ ಉಳಿದಿರುವುದು ಸುಮಾರು 100 ಕೋಟಿ! ಸಾಮಾನ್ಯ ರಕ್ತಪರೀಕ್ಷೆಯ ಕೌಂಟ್ ಇದಕ್ಕಿಂತ ಬಹಳ ಮೊದಲೇ ನಾರ್ಮಲ್ ಆಗಿರುತ್ತದೆ. ಚೆಲ್ಲಿದ ನೀರು ಒಣಗಿತು ಎಂಬ ಕಾರಣಕ್ಕೆ ಸ್ವಿಚ್ ಸರಿಯಾಗಿದೆ ಎನ್ನಲಾಗದು. ಅದಕ್ಕೇ ಮೊದಲ ವರ್ಷ 3, 6 ಮತ್ತು 12ನೇ ತಿಂಗಳಿನಲ್ಲಿ ಪಿಸಿಆರ್ ನೋಡುತ್ತಾರೆ. ಕ್ರಮವಾಗಿ 10%, 1%, 0.1%ಕ್ಕೆ ಇಳಿಯುತ್ತಿದೆಯೇ ಎಂಬುದು ಲೆಕ್ಕ.

ತಿಂಗಳಿಗೆ ಮೂರು ಮಾತ್ರೆ ತಪ್ಪಿದರೆ ಏನಾಗುತ್ತದೆ?

ಇದನ್ನು ಅಳೆದು ನೋಡಿದ ಒಂದು ಅಧ್ಯಯನ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಿಂದ 2010ರಲ್ಲಿ ಪ್ರಕಟವಾಯಿತು. ಹಲವು ವರ್ಷಗಳಿಂದ ಇಮ್ಯಾಟಿನಿಬ್ ತೆಗೆದುಕೊಳ್ಳುತ್ತಿದ್ದ 87 ಮಂದಿಗೆ ಕೊಟ್ಟ ಮಾತ್ರೆ ಬಾಟಲಿಯ ಮುಚ್ಚಳದಲ್ಲಿ ಒಂದು ಚಿಪ್ ಇಟ್ಟಿದ್ದರು. ಮುಚ್ಚಳ ತೆರೆದಾಗಲೆಲ್ಲ ಅದು ದಾಖಲಾಗುತ್ತಿತ್ತು. ಹೀಗೆ ಮೂರು ತಿಂಗಳು ಗಮನಿಸಿದರು. 90%ಕ್ಕಿಂತ ಹೆಚ್ಚು ಮಾತ್ರೆ ತೆಗೆದುಕೊಂಡವರಲ್ಲಿ, 6 ವರ್ಷಗಳ ಅವಧಿಯಲ್ಲಿ ಮೇಲೆ ಹೇಳಿದ ಒಳ್ಳೆಯ ಫಲಿತಾಂಶ ತಲುಪುವ ಸಾಧ್ಯತೆ 94.5% ಇತ್ತು. 90% ಅಥವಾ ಅದಕ್ಕಿಂತ ಕಡಿಮೆ ತೆಗೆದುಕೊಂಡವರಲ್ಲಿ ಅದು 28.4% ಮಾತ್ರ.

30 ದಿನಗಳ ತಿಂಗಳಲ್ಲಿ 90% ಎಂದರೆ 27 ಮಾತ್ರೆ. ತಿಂಗಳಿಗೆ ಮೂರು ತಪ್ಪಿದರೂ ರೋಗಿ ಎರಡನೆಯ ಗುಂಪಿಗೆ ಸೇರುತ್ತಾರೆ.

ಹೊರವಲಯದ ದುಡಿಮೆಯಲ್ಲಿ ಮೂರು ಮಾತ್ರೆ ತಪ್ಪುವುದು ಕಷ್ಟವೇನಲ್ಲ. ವಾರವಾರ ಶಿಫ್ಟ್ ಬದಲಾದರೆ ಊಟದ ಹೊತ್ತು ಬದಲಾಗುತ್ತದೆ, ಮಾತ್ರೆ ಮರೆಯುತ್ತದೆ. ಹಬ್ಬಕ್ಕೆ ಊರಿಗೆ ಹೊರಟಾಗ ಪೊಟ್ಟಣ ರೂಮಿನಲ್ಲೇ ಉಳಿಯುತ್ತದೆ. ದಿನಗೂಲಿಯವರಿಗೆ ಆಸ್ಪತ್ರೆಗೆ ಹೋದ ದಿನದ ಸಂಬಳ ಇಲ್ಲ. ಕಾಯಿಲೆ ಗೊತ್ತಾದರೆ ಕೆಲಸ ಹೋದೀತು ಎಂಬ ಭಯಕ್ಕೆ ಸಹೋದ್ಯೋಗಿಗಳ ಮುಂದೆ ಮಾತ್ರೆ ನುಂಗದವರೂ ಇರುತ್ತಾರೆ. ವಾಂತಿ ಬಂದಂತಾಗುವುದು, ಕಣ್ಣ ಸುತ್ತ ಊತ, ಸ್ನಾಯು ಹಿಡಿತದಂಥ ಅಡ್ಡಪರಿಣಾಮಗಳಿಗೆ ಹೆದರಿ ದಿನ ಬಿಟ್ಟು ದಿನ ತೆಗೆದುಕೊಳ್ಳುವವರಿದ್ದಾರೆ. ಇಂಥ ತೊಂದರೆಗಳಿಗೆ ಪ್ರಮಾಣ ಬದಲಿಸುವ ಅಥವಾ ಬೇರೆ ಮಾತ್ರೆ ಕೊಡುವ ದಾರಿ ಇದೆ. ವೈದ್ಯರಿಗೆ ಹೇಳಿದರೆ ಮಾತ್ರ ಅದು ಸಾಧ್ಯ.

ಅರ್ಧಂಬರ್ಧ ತೆಗೆದುಕೊಂಡಾಗ ಸಂಕೇತ ಪೂರ್ತಿ ನಿಲ್ಲುವುದಿಲ್ಲ, ಜೀವಕೋಶಗಳು ವಿಭಜನೆಯಾಗುತ್ತಲೇ ಇರುತ್ತವೆ. ವಿಭಜನೆ ನಡೆದಷ್ಟೂ ಹೊಸ ಬದಲಾವಣೆ ಹುಟ್ಟುವ ಅವಕಾಶ ಹೆಚ್ಚು. ಟಿ315ಐ ಎಂಬ ಬದಲಾವಣೆ ಬಂದರೆ ಗುಳಿಯ ಬಾಯಿಯ ಆಕಾರವೇ ಬೇರೆಯಾಗಿ ಇಮ್ಯಾಟಿನಿಬ್, ಡಾಸಾಟಿನಿಬ್, ನಿಲೋಟಿನಿಬ್ ಮೂರೂ ಒಳಗೆ ಕೂರಲಾರವು. ಪೊನಾಟಿನಿಬ್, ಅಸಿಮಿನಿಬ್‌ನಂಥ ಬೇರೆ ಔಷಧಿಗಳು ಬೇಕಾಗುತ್ತವೆ. ಅವು ದುಬಾರಿ.

ಹಾಗಾದರೆ ಮಾತ್ರೆ ಎಂದೂ ನಿಲ್ಲಿಸುವಂತಿಲ್ಲವೇ?

ಕೆಲವರಿಗೆ ಸಾಧ್ಯ. ಫ್ರಾನ್ಸಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕನಿಷ್ಠ ಎರಡು ವರ್ಷ ಪಿಸಿಆರ್‌ನಲ್ಲೂ ಕಾಯಿಲೆ ಕಾಣದ 100 ಮಂದಿಯಲ್ಲಿ ಇಮ್ಯಾಟಿನಿಬ್ ನಿಲ್ಲಿಸಿ ನೋಡಿದರು. ಸುಮಾರು 40% ಮಂದಿಗೆ ಒಂದು ವರ್ಷವಾದರೂ ಕಾಯಿಲೆ ಮರಳಲಿಲ್ಲ. ಮರಳಿದವರಲ್ಲಿ ಬಹುತೇಕರಿಗೆ ಮೊದಲ 6 ತಿಂಗಳಲ್ಲೇ ಮರಳಿತು, ಮಾತ್ರೆ ಪುನಃ ಶುರು ಮಾಡಿದಾಗ ಹಿಡಿತಕ್ಕೂ ಬಂತು. ಅವರ ಪಿಸಿಆರ್ ಪದೇಪದೇ ನೋಡುತ್ತಿದ್ದುದರಿಂದ ಇದು ತಕ್ಷಣ ಗೊತ್ತಾಯಿತು. ವರ್ಷಗಟ್ಟಲೆ ಸರಿಯಾಗಿ ಮಾತ್ರೆ ತೆಗೆದುಕೊಂಡು, ಪಿಸಿಆರ್ ತೀರಾ ಕೆಳಗಿದ್ದು, ವೈದ್ಯರ ನಿಗಾದಲ್ಲಿ ನಿಲ್ಲಿಸುವುದು ಒಂದು ಮಾತು. ಕೌಂಟ್ ನೋಡಿ ತಾವೇ ನಿಲ್ಲಿಸುವುದು ಪೂರ್ತಿ ಬೇರೆ ಮಾತು.

ಸಾಮಾನ್ಯವಾಗಿ ಕೇಳುವ ಕೆಲವು ನಂಬಿಕೆಗಳು

'ಕಂಪ್ಯೂಟರ್, ವೈ-ಫೈ, ಮೊಬೈಲ್ ಟವರ್‌ನಿಂದ ರಕ್ತ ಕ್ಯಾನ್ಸರ್ ಬರುತ್ತದೆ.' ಹಿರೋಶಿಮಾ, ನಾಗಸಾಕಿಯ ಬಾಂಬ್‌ಗಳಿಂದ ಬದುಕುಳಿದವರಲ್ಲಿ ಸಿಎಂಎಲ್ ಹೆಚ್ಚಿದ್ದು ನಿಜ. ಅದು ವರ್ಣತಂತುವನ್ನೇ ಮುರಿಯಬಲ್ಲ ಅಯಾನೀಕರಿಸುವ ವಿಕಿರಣ. ವೈ-ಫೈ ಮತ್ತು ಮೊಬೈಲ್ ತರಂಗಗಳಿಗೆ ಅಷ್ಟು ಶಕ್ತಿ ಇಲ್ಲ. ಹೆಚ್ಚಿನ ಸಿಎಂಎಲ್ ರೋಗಿಗಳಲ್ಲಿ ಕಾರಣ ಇದೇ ಎಂದು ಬೆರಳಿಟ್ಟು ತೋರಿಸುವಂಥದ್ದು ಏನೂ ಇರುವುದಿಲ್ಲ.

'ಕಾರ್ಖಾನೆಯ ಥಿನ್ನರ್, ದ್ರಾವಕಗಳಿಂದ ಏನೂ ಆಗುವುದಿಲ್ಲ.' ಇದು ಇನ್ನೊಂದು ತುದಿಯ ತಪ್ಪು. ಬೆಂಜೀನ್ ಮಜ್ಜೆಗೆ ಹಾನಿ ಮಾಡುತ್ತದೆ, ತೀವ್ರ ಸ್ವರೂಪದ ಮೈಲಾಯ್ಡ್ ಲ್ಯುಕೇಮಿಯಾಕ್ಕೆ ಕಾರಣವಾಗುತ್ತದೆ ಎಂಬುದು ದೃಢಪಟ್ಟಿದೆ. ದೀರ್ಘಕಾಲದ ಬಗೆಗಳ ಜೊತೆಗಿನ ನಂಟಿಗೆ ಪುರಾವೆ ಅಷ್ಟು ಗಟ್ಟಿಯಾಗಿಲ್ಲ. ಬೆಂಜೀನ್ ಬೆರೆತ ದ್ರಾವಕದಲ್ಲಿ ಕೈ ತೊಳೆಯುವುದು, ಗಾಳಿಯಾಡದ ಕೋಣೆಯಲ್ಲಿ ಅದರ ಆವಿ ಉಸಿರಾಡುವುದು ಯಾವ ಲೆಕ್ಕದಲ್ಲೂ ಸುರಕ್ಷಿತ ಅಲ್ಲ.

'ಮಕ್ಕಳಿಗೂ ಬರುತ್ತದೆ, ಜೊತೆಗಿದ್ದವರಿಗೆ ಅಂಟುತ್ತದೆ.' ಬಿಸಿಆರ್-ಎಬಿಎಲ್ ಹುಟ್ಟಿದ ನಂತರ ಒಂದು ಮಜ್ಜೆಯ ಜೀವಕೋಶದಲ್ಲಿ ಆಗುವ ಬದಲಾವಣೆ. ಅದು ಮಕ್ಕಳಿಗೆ ಹೋಗುವುದಿಲ್ಲ, ಯಾರಿಗೂ ಅಂಟುವುದಿಲ್ಲ. ಆದರೆ ಈ ಮಾತ್ರೆಗಳು ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಹುದು. ಮಗು ಬೇಕೆಂದಿರುವ ಮಹಿಳೆಯರು ಮೊದಲೇ ವೈದ್ಯರೊಂದಿಗೆ ಮಾತಾಡಬೇಕು.

'ಪರಂಗಿ ಎಲೆ ರಸ ಕುಡಿದರೆ ರಕ್ತ ಸರಿಯಾಗುತ್ತದೆ.' ಯಾವ ಎಲೆಯ ರಸವೂ ಬಿಸಿಆರ್-ಎಬಿಎಲ್ ಸಂಕೇತವನ್ನು ನಿಲ್ಲಿಸುತ್ತದೆ ಎಂದು ರೋಗಿಗಳಲ್ಲಿ ಸಾಬೀತಾಗಿಲ್ಲ.

'ಹಣ್ಣು, ಗ್ಯಾಸ್ ಮಾತ್ರೆ ಏನೂ ಮಾಡುವುದಿಲ್ಲ.' ಗ್ರೇಪ್‌ಫ್ರೂಟ್ ಮತ್ತು ಅದರ ಬಳಗದ ಚಕ್ಕೋತ ಹಣ್ಣಿನಲ್ಲಿ ಈ ಮಾತ್ರೆಗಳನ್ನು ಕರಗಿಸುವ ಕಿಣ್ವವನ್ನು ತಡೆಯುವ ಅಂಶಗಳಿವೆ. ದೇವನಹಳ್ಳಿ ಚಕ್ಕೋತ ಎಷ್ಟೇ ರುಚಿಯಾಗಿದ್ದರೂ ತಿನ್ನುವ ಮೊದಲು ವೈದ್ಯರನ್ನು ಕೇಳಿ. ಹೊಟ್ಟೆಯ ಆಮ್ಲ ಇಳಿಸುವ ಮಾತ್ರೆಗಳು ಡಾಸಾಟಿನಿಬ್ ದೇಹಕ್ಕೆ ಸೇರುವುದನ್ನು ಕಡಿಮೆ ಮಾಡುತ್ತವೆ. ಇಮ್ಯಾಟಿನಿಬ್ ಊಟದ ಜೊತೆ, ನಿಲೋಟಿನಿಬ್ ಕ್ಯಾಪ್ಸೂಲ್ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು ಎಂಬುದೂ ನೆನಪಿರಲಿ.

ಖರ್ಚು, ರಜೆ ಮತ್ತು ಎಲ್ಲಿಗೆ ಹೋಗಬೇಕು?

ಒಂದು ಕಾಲದಲ್ಲಿ ಮೂಲ ಕಂಪನಿಯ ಇಮ್ಯಾಟಿನಿಬ್‌ಗೆ ಭಾರತದಲ್ಲಿ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಬೆಲೆ ಇತ್ತು. ಇಲ್ಲಿನ ಕಂಪನಿಗಳ ಜೆನೆರಿಕ್ ಮಾತ್ರೆ ಅದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಗೆ ಸಿಗುತ್ತಿತ್ತು. ಮೂಲ ಕಂಪನಿ ನೊವಾರ್ಟಿಸ್ ಕೇಳಿದ್ದ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಿರಸ್ಕರಿಸಿತು. ಇದರಿಂದ ಜೆನೆರಿಕ್ ಮಾತ್ರೆಗಳ ದಾರಿ ತೆರೆದೇ ಉಳಿಯಿತು.

ಹೊಸೂರು ರಸ್ತೆಯಲ್ಲಿರುವ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ 1973ರಲ್ಲಿ ಆರಂಭವಾದ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಎಲೆಕ್ಟ್ರಾನಿಕ್ ಸಿಟಿಯ ಆಚೆ ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯಲ್ಲೂ ರಕ್ತ ಕ್ಯಾನ್ಸರ್ ವಿಭಾಗ ಇದೆ. ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಆಸ್ಪತ್ರೆಯಲ್ಲೇ ವಿಚಾರಿಸಬಹುದು.

ಕಾರ್ಖಾನೆ ಕಾರ್ಮಿಕರು ಮರೆಯಬಾರದ್ದು ಇಎಸ್‌ಐ. ಪೀಣ್ಯ ಮತ್ತು ರಾಜಾಜಿನಗರದಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ವಿಸ್ತೃತ ಅನಾರೋಗ್ಯ ಭತ್ಯೆಗೆ ಇಎಸ್‌ಐ ಗುರುತಿಸಿರುವ 34 ದೀರ್ಘಕಾಲದ ಕಾಯಿಲೆಗಳಲ್ಲಿ ಕ್ಯಾನ್ಸರ್ ಕೂಡ ಸೇರಿದೆ. ಎರಡು ವರ್ಷ ಸತತವಾಗಿ ವಿಮೆಯಡಿ ಕೆಲಸ ಮಾಡಿ, ನಿಗದಿತ ದಿನಗಳ ವಂತಿಗೆ ಸಂದಿದ್ದರೆ, ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಕೂಲಿಯ 80%ರಷ್ಟು ಭತ್ಯೆ ಗರಿಷ್ಠ ಎರಡು ವರ್ಷದವರೆಗೆ ಸಿಗುತ್ತದೆ. ಗುತ್ತಿಗೆ ಕಾರ್ಮಿಕರಾಗಿದ್ದರೂ ನಿಮ್ಮ ಹೆಸರಿನಲ್ಲಿ ವಂತಿಗೆ ಕಟ್ಟಲಾಗಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಒಟ್ಟಿನಲ್ಲಿ

ತಪಾಸಣೆಯಲ್ಲಿ ಬಿಳಿ ಕಣ ಒಮ್ಮೆ ಹೆಚ್ಚು ಬಂದರೆ ಗಾಬರಿ ಬೇಡ. ಬಹಳ ಸಲ ಅದಕ್ಕೆ ಸೋಂಕೇ ಕಾರಣ. ಆದರೆ ವರದಿಯನ್ನು ಡ್ರಾಯರಿನಲ್ಲಿಟ್ಟು ಮರೆಯಬೇಡಿ. ಕೆಲವು ವಾರಗಳಲ್ಲಿ ಪುನಃ ಪರೀಕ್ಷೆ ಮಾಡಿಸಿ, ರಕ್ತದ ಸ್ಮಿಯರ್ ನೋಡಿಸಿ. ತೀರಾ ಹೆಚ್ಚಿದ್ದರೆ, ಅಥವಾ ಎಡಹೊಟ್ಟೆಯಲ್ಲಿ ಭಾರವೂ ಇದ್ದರೆ ಕಾಯದೆ ರಕ್ತರೋಗ ತಜ್ಞರನ್ನು ಕಾಣಿ.

ಸಿಎಂಎಲ್ ಇದೆ ಎಂದು ಈಗಾಗಲೇ ಗೊತ್ತಿದ್ದರೆ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ "ಕೌಂಟ್ ಎಷ್ಟು?" ಎಂದು ಕೇಳಿ ಸುಮ್ಮನಾಗಬೇಡಿ. "ಬಿಸಿಆರ್-ಎಬಿಎಲ್ ಎಷ್ಟಕ್ಕೆ ಇಳಿದಿದೆ?" ಎಂದೂ ಕೇಳಿ. ಕಳೆದ ತಿಂಗಳು ಎಷ್ಟು ಮಾತ್ರೆ ತಪ್ಪಿತು, ಯಾಕೆ ತಪ್ಪಿತು ಎಂಬುದನ್ನು ಮುಚ್ಚಿಡದೆ ಹೇಳಿ. ಶಿಫ್ಟ್ ಕಾರಣವೋ, ಖರ್ಚು ಕಾರಣವೋ, ವಾಂತಿ ಕಾರಣವೋ ಗೊತ್ತಾದರೆ ಪ್ರತಿಯೊಂದಕ್ಕೂ ಏನಾದರೂ ಮಾಡಬಹುದು.